ಸೊಂಟದ ಮೂಳೆ ಕೂಡಿಸುವ ಕಿರುದಾರಿ

ಸಾತನೂರು ಹೋಬಳಿಯಲ್ಲಿ ಹಿಪ್ಪುನೇರಳೆ ಬೆಳೆಯುವ ಮನೆಗಳಿಗೆ ಸೊಂಟನೋವು ಹೊಸದಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ವಾರವಿಡೀ ಬಗ್ಗಿ ಕೊಯ್ಯುವುದು, ಹೊರೆ ಕಟ್ಟಿ ತಲೆಗೇರಿಸುವುದು, ಮತ್ತೆ ಬಗ್ಗಿ ಹಾಸಿಗೆಗೆ ಹರಡುವುದು. ಕಲ್ಲು ಗಣಿಗಳಲ್ಲಿ ದುಡಿಯುವವರ ಪಾಡೂ ಹೀಗೆಯೇ. ಇಂಥವರಲ್ಲಿ ಯಾರಾದರೊಬ್ಬರು ಬೆಂಗಳೂರಿನ ಆಸ್ಪತ್ರೆಗೆ ಹೋಗಿ, ಎಂ.ಆರ್.ಐ. ಚಿತ್ರದ ದೊಡ್ಡ ಲಕೋಟೆ ಹಿಡಿದು ಊರಿಗೆ ಬರುತ್ತಾರೆ. 'ಎಲ್ 4, ಎಲ್ 5 ಜರುಗಿದೆಯಂತೆ, ಫ್ಯೂಷನ್ ಮಾಡಬೇಕಂತೆ, ಕೀಹೋಲ್‌ನಲ್ಲೇ ಮಾಡುತ್ತಾರಂತೆ' ಎನ್ನುತ್ತಾರೆ. ಕೇಳಿದವರಿಗೆ ಅರ್ಧ ತಿಳಿಯುತ್ತದೆ, ಅರ್ಧ ಭಯವಾಗುತ್ತದೆ.

ಆ ಮಾತುಗಳ ಹಿಂದೆ ಇರುವುದನ್ನು ನಿಮಗೆ ಒಂದೊಂದಾಗಿ ತೋರಿಸಬೇಕೆಂಬುದು ನನ್ನ ಆಸೆ. ನೀವು ವಿಜ್ಞಾನ ಓದಿರಬೇಕಾಗಿಲ್ಲ. ನಿಧಾನವಾಗಿ ಓದಿದರೆ ಸಾಕು, ಅವಸರವೇನೂ ಇಲ್ಲ.

ಮೊದಲು ಎದ್ದು ನಿಲ್ಲಿ. ಎರಡೂ ಕೈಗಳನ್ನು ಸೊಂಟದ ಮೇಲಿಡಿ. ಪಕ್ಕಗಳಲ್ಲಿ ಕೈಗೆ ಗಟ್ಟಿಯಾಗಿ ತಾಗುವುದು ಸೊಂಟದ ಎಲುಬಿನ ಮೇಲಂಚು. ಅದೇ ಮಟ್ಟದಲ್ಲಿ ಹೆಬ್ಬೆರಳುಗಳನ್ನು ಬೆನ್ನಿನ ಕಡೆಗೆ ಸರಿಸುತ್ತಾ ಬಂದರೆ ಅವೆರಡೂ ನಡುಗೆರೆಯಲ್ಲಿ ಸೇರುತ್ತವೆ. ಅವು ಸೇರುವ ಜಾಗದ ಒಳಗೆ, ಹೆಚ್ಚುಕಡಿಮೆ ಅದೇ ಎತ್ತರದಲ್ಲಿ, ಸೊಂಟದ ನಾಲ್ಕನೇ ಮೂಳೆ ಇದೆ. ಅದರ ಕೆಳಗಿರುವುದು ಐದನೆಯದು. ವೈದ್ಯರು ಎಲ್ 4, ಎಲ್ 5 ಎನ್ನುವುದು ಇವಕ್ಕೇ. 'ಎಲ್' ಎಂದರೆ ಸೊಂಟದ ಭಾಗ. ಅಲ್ಲಿ ಒಟ್ಟು ಐದು ಮೂಳೆಗಳಿವೆ. ಐದನೆಯದರ ಕೆಳಗೆ ತ್ರಿಕಾಸ್ಥಿ ಎಂಬ ಅಗಲವಾದ ಮೂಳೆ. ಅದಕ್ಕೆ 'ಎಸ್' ಎಂಬ ಗುರುತು. ದೇಹದ ಮೇಲ್ಭಾಗದ ಭಾರವೆಲ್ಲ ಇಳಿದು ಬರುವುದು ಈ ಕೆಳಗಿನ ಎರಡು ಮೂರು ಮೂಳೆಗಳ ಮೇಲೆ. ತೊಂದರೆ ಹೆಚ್ಚಾಗಿ ಇಲ್ಲೇ ಕಾಣಿಸಿಕೊಳ್ಳುವುದಕ್ಕೆ ಅದೇ ಕಾರಣ.

ಬೆನ್ನುಮೂಳೆಯ ಒಂದೊಂದು ತುಂಡಿಗೂ ಕಶೇರು ಎಂದು ಹೆಸರು. ಅದರ ಮುಂಭಾಗ, ಅಂದರೆ ಹೊಟ್ಟೆಯ ಕಡೆಯ ಭಾಗ, ದಪ್ಪನೆಯ ಗುಂಡು ಮೂಳೆ. ಭಾರ ಹೊರುವುದು ಅದು. ಹಿಂಭಾಗದಲ್ಲಿ ಮೂಳೆಯ ಕಮಾನು ಇದೆ. ಇವೆರಡರ ನಡುವಿನ ರಂಧ್ರದಲ್ಲಿ ನರಗಳು ಇಳಿದು ಹೋಗುತ್ತವೆ. ಮಿದುಳಿನಿಂದ ಬರುವ ಬೆನ್ನುಹುರಿ ವಯಸ್ಕರಲ್ಲಿ ಸೊಂಟದ ಮೊದಲ ಅಥವಾ ಎರಡನೇ ಕಶೇರುವಿನ ಬಳಿಯೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಗಳ ಎಳೆಗಳು ಮಾತ್ರ. 'ಸೊಂಟದ ಆಪರೇಷನ್ ಅಂದರೆ ಬೆನ್ನುಹುರಿಗೇ ಕೈ ಹಾಕುತ್ತಾರೆ' ಎಂದು ಹೆದರುವವರಿಗೆ ನಾನು ಮೊದಲು ಹೇಳುವ ಸಂಗತಿ ಇದು. ನಾಲ್ಕನೇ, ಐದನೇ ಕಶೇರುವಿನ ಮಟ್ಟದಲ್ಲಿ ಬೆನ್ನುಹುರಿಯೇ ಇಲ್ಲ. ಆದರೆ ಕಾಲಿಗೆ, ಪಾದಕ್ಕೆ, ಮೂತ್ರಕೋಶಕ್ಕೆ ಹೋಗುವ ನರಗಳಿವೆ, ಅವುಗಳ ಬಗ್ಗೆ ಎಚ್ಚರ ಬೇಕೇ ಬೇಕು.

ಮುಂದಿನ ಗುಂಡು ಭಾಗವನ್ನೂ ಹಿಂದಿನ ಕಮಾನನ್ನೂ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಮೂಳೆ ಸೇರಿಸುತ್ತದೆ. ಇದಕ್ಕೆ ಪೆಡಿಕಲ್ ಎನ್ನುತ್ತಾರೆ. ಈ ಹೆಸರನ್ನು ದಯವಿಟ್ಟು ನೆನಪಿಡಿ, ಏಕೆಂದರೆ ಮುಂದೆ ಹೇಳುವ ಸ್ಕ್ರೂಗಳೆಲ್ಲ ಹೋಗುವುದು ಇದರ ಮೂಲಕ. ಕೆಳಸೊಂಟದಲ್ಲಿ ಇದರ ಅಗಲ ಸುಮಾರು ಒಂದು ಸೆಂಟಿಮೀಟರ್, ಅಥವಾ ತುಸು ಹೆಚ್ಚು. ಅದರ ಒಳಪಕ್ಕಕ್ಕೂ ಕೆಳಗೂ ಅಂಟಿಕೊಂಡಂತೆ ನರ ಸಾಗುತ್ತದೆ.

ಒಂದು ಕಶೇರುವಿಗೂ ಇನ್ನೊಂದಕ್ಕೂ ನಡುವೆ ಡಿಸ್ಕ್ ಇದೆ: ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ನೀರಿನಂಶ ತುಂಬಿದ ಮೆತ್ತನೆಯ ತಿರುಳು. ಹಿಂದೆ ಎಡಕ್ಕೂ ಬಲಕ್ಕೂ ಒಂದೊಂದು ಚಿಕ್ಕ ಕೀಲು. ಹೀಗೆ ಮುಂದೆ ಡಿಸ್ಕ್, ಹಿಂದೆ ಎರಡು ಕೀಲು, ಈ ಮೂರು ಕಡೆ ಆಧಾರ ಸಿಗುವುದರಿಂದಲೇ ನೀವು ಬಗ್ಗುವಿರಿ, ತಿರುಗುವಿರಿ, ಆದರೂ ಮೂಳೆಗಳು ಒಂದರ ಮೇಲೊಂದು ಜಾರದೆ ನಿಲ್ಲುತ್ತವೆ.

ವಯಸ್ಸಾದಂತೆ ಡಿಸ್ಕಿನ ನೀರು ಒಣಗುತ್ತದೆ, ಎತ್ತರ ಕುಗ್ಗುತ್ತದೆ, ಕೀಲು ಸವೆಯುತ್ತದೆ. ಇದು ತಲೆಕೂದಲು ಬೆಳ್ಳಗಾಗುವಷ್ಟೇ ಸಹಜ. ನೋವೇ ಇಲ್ಲದವರ ಎಂ.ಆರ್.ಐ. ತೆಗೆದರೂ ಇಂಥ ಸವೆತ ಧಾರಾಳವಾಗಿ ಕಾಣುತ್ತದೆ. ಆದ್ದರಿಂದ ಚಿತ್ರದಲ್ಲಿ 'ಡಿಸ್ಕ್ ಸವೆದಿದೆ' ಎಂದು ಬರೆದಿದ್ದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣ ಎಂದಾಗುವುದಿಲ್ಲ. ಕೆಲವರಲ್ಲಿ ಮಾತ್ರ ಸವೆತ ಮುಂದುವರಿದು ಮೇಲಿನ ಕಶೇರು ಕೆಳಗಿನದರ ಮೇಲೆ ಮುಂದಕ್ಕೆ ಜರುಗುತ್ತದೆ. ಊರಿನವರು 'ಜರುಗಿದೆ' ಎನ್ನುವುದು ಇದನ್ನೇ. ನಡುವಯಸ್ಸು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚಾಗಿ ನಾಲ್ಕು ಮತ್ತು ಐದನೇ ಕಶೇರುಗಳ ನಡುವೆ ಆಗುತ್ತದೆ. ಎಷ್ಟು ಜರುಗಿದೆ ಎಂಬುದನ್ನು ಕಾಲು, ಅರ್ಧ, ಮುಕ್ಕಾಲು ಎಂಬ ಲೆಕ್ಕದಲ್ಲಿ ದರ್ಜೆ ಮಾಡುತ್ತಾರೆ. ಕಾಲುಭಾಗದೊಳಗಿದ್ದರೆ ಮೊದಲ ದರ್ಜೆ. ಹೀಗೆ ಜರುಗಿದಾಗ ನರಗಳ ದಾರಿ ಇಕ್ಕಟ್ಟಾಗುತ್ತದೆ. ಸ್ವಲ್ಪ ದೂರ ನಡೆದೊಡನೆ ಕಾಲು ಸೆಳೆದು ಜೋಮು ಹಿಡಿಯುತ್ತದೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರವಾಗುತ್ತದೆ.

ಈಗ ಫ್ಯೂಷನ್ ಎಂದರೇನು ಎಂಬುದಕ್ಕೆ ಬರೋಣ. ಮುರಿದ ಕೈ ಕೂಡಿಕೊಳ್ಳುವುದನ್ನು ನೀವು ನೋಡಿದ್ದೀರಿ. ಎರಡು ತುದಿಗಳು ಅಲುಗಾಡದೆ ಹತ್ತಿರವಿದ್ದರೆ ದೇಹವೇ ನಡುವೆ ಹೊಸ ಮೂಳೆ ಬೆಳೆಸುತ್ತದೆ. ಫ್ಯೂಷನ್‌ನಲ್ಲಿ ಬಳಸಿಕೊಳ್ಳುವುದು ದೇಹದ ಈ ಗುಣವನ್ನೇ. ಎರಡು ಕಶೇರುಗಳ ನಡುವಿನ ಡಿಸ್ಕನ್ನು ತೆಗೆದು, ಅಲ್ಲಿ ಮೂಳೆಚೂರು ತುಂಬಿ, ಅವು ಅಲುಗಾಡದಂತೆ ಹಿಡಿದಿಟ್ಟರೆ ತಿಂಗಳುಗಳು ಕಳೆದಂತೆ ಎರಡೂ ಸೇರಿ ಒಂದೇ ಮೂಳೆಯಾಗುತ್ತವೆ. ಸ್ಕ್ರೂ, ರಾಡ್‌ಗಳು ಬೇಕಾಗಿರುವುದು ಅಷ್ಟರವರೆಗೆ ಹಿಡಿದಿಡಲು. 'ರಾಡ್ ಹಾಕಿದ್ದಾರೆ, ಇನ್ನು ಗಟ್ಟಿ' ಎನ್ನುವ ಮಾತು ಪೂರ್ತಿ ಸರಿಯಲ್ಲ. ಮೂಳೆ ಕೂಡದಿದ್ದರೆ ಎಂಥ ಲೋಹವಾದರೂ ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಈ ಯೋಚನೆಗೆ ನೂರು ವರ್ಷ ದಾಟಿದೆ. 1911ರಲ್ಲಿ ನ್ಯೂಯಾರ್ಕ್ ನಗರದ ಇಬ್ಬರು ವೈದ್ಯರು, ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ, ಬೇರೆ ಬೇರೆಯಾಗಿ ಬೆನ್ನುಮೂಳೆ ಕೂಡಿಸುವ ವಿಧಾನಗಳನ್ನು ಪ್ರಕಟಿಸಿದರು. ಅವರ ಮುಂದಿದ್ದ ಮುಖ್ಯ ಕಾಯಿಲೆ ಬೆನ್ನುಮೂಳೆಯ ಕ್ಷಯ. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ; ಕುಸಿಯುತ್ತಿದ್ದ ಬೆನ್ನನ್ನು ನೆಟ್ಟಗೆ ನಿಲ್ಲಿಸುವುದೇ ಚಿಕಿತ್ಸೆಯಾಗಿತ್ತು. ಲೋಹದ ಆಧಾರವಿಲ್ಲದ ಆ ದಿನಗಳಲ್ಲಿ ರೋಗಿ ತಿಂಗಳುಗಟ್ಟಲೆ ಮಲಗಿರಬೇಕಿತ್ತು. ಪೆಡಿಕಲ್ ಮೂಲಕ ಸ್ಕ್ರೂ ಹಾಕಿ ಕಶೇರುವನ್ನು ಹಿಡಿಯುವ ವಿಧಾನವನ್ನು ಫ್ರಾನ್ಸಿನ ರೇಮೊಂ ರುವಾ-ಕಮಿ 1960ರ ದಶಕದಲ್ಲಿ ಬಳಕೆಗೆ ತಂದ ಮೇಲೆ ರೋಗಿ ಬೇಗ ಎದ್ದು ಓಡಾಡುವುದು ಸಾಧ್ಯವಾಯಿತು.

ಆದರೂ ಒಂದು ತೊಂದರೆ ಉಳಿಯಿತು. ಬೆನ್ನುಮೂಳೆಗೆ ಅಂಟಿಕೊಂಡು, ಅದರ ಎರಡೂ ಪಕ್ಕದಲ್ಲಿ, ಮಲ್ಟಿಫಿಡಸ್ ಎಂಬ ಸ್ನಾಯುವಿದೆ. ಕಶೇರುಗಳನ್ನು ಒಂದಕ್ಕೊಂದು ಬಿಗಿಹಿಡಿದು ನಿಲ್ಲಿಸುವ ಕೆಲಸ ಅದರದು. ಹಳೆಯ, ತೆರೆದ ವಿಧಾನದಲ್ಲಿ ಬೆನ್ನಿನ ನಡುಗೆರೆಯಲ್ಲಿ ಉದ್ದಕ್ಕೆ ಸೀಳಿ, ಈ ಸ್ನಾಯುವನ್ನು ಮೂಳೆಯಿಂದ ಬಿಡಿಸಿ, ಇಕ್ಕುಳದಿಂದ ಎರಡೂ ಪಕ್ಕಕ್ಕೆ ಗಂಟೆಗಟ್ಟಲೆ ಎಳೆದು ಹಿಡಿಯುತ್ತಾರೆ. ಬಿಗಿಯಾಗಿ ಎಳೆದು ಹಿಡಿದಷ್ಟು ಹೊತ್ತೂ ಅದಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೂಳೆ ಚೆನ್ನಾಗಿ ಕೂಡಿದರೂ ಕೆಲವರ ಸ್ನಾಯು ಸೊರಗಿ, ಅದರ ಜಾಗದಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಕಿರುದಾರಿಯ, ಅಂದರೆ ಕೀಹೋಲ್, ಶಸ್ತ್ರಚಿಕಿತ್ಸೆಯ ನಿಜವಾದ ಉದ್ದೇಶ ಚರ್ಮದ ಗಾಯವನ್ನು ಚಿಕ್ಕದು ಮಾಡುವುದಲ್ಲ, ಈ ಸ್ನಾಯುವನ್ನು ಉಳಿಸುವುದು. ಜಾಹೀರಾತುಗಳು ಗಾಯದ ಅಳತೆಯನ್ನು ತೋರಿಸುತ್ತವೆ. ನೀವು ನೋಡಬೇಕಾದದ್ದು ಅದರ ಒಳಗೆ.

ಬೆಳೆದು ನಿಂತ ರಾಗಿ ಹೊಲದ ನಡುವಿನ ಮರವನ್ನು ತಲುಪಬೇಕೆಂದುಕೊಳ್ಳಿ. ಪೈರು ಕೊಯ್ದು ದಾರಿ ಮಾಡಬಹುದು. ಇಲ್ಲವೇ ಸಾಲುಗಳ ನಡುವೆ ಕೈಯಿಂದ ಪೈರನ್ನು ಅತ್ತಿತ್ತ ಸರಿಸುತ್ತಾ ಹೋಗಬಹುದು. ನೀವು ದಾಟಿದ ಮೇಲೆ ಅದು ಮತ್ತೆ ಸೇರಿಕೊಳ್ಳುತ್ತದೆ. ಸ್ನಾಯುಗಳಿಗೂ ಹೀಗೆ ಸಾಲುಗಳಿವೆ. ಮಲ್ಟಿಫಿಡಸ್ ಮತ್ತು ಅದರ ಪಕ್ಕದ ಸ್ನಾಯುವಿನ ನಡುವಿನ ಸಹಜ ಸಂದಿಯ ಮೂಲಕ ಮೂಳೆ ತಲುಪುವ ದಾರಿಯನ್ನು ಅಮೆರಿಕದ ಲಿಯಾನ್ ವಿಲ್ಟ್ಸ್ ಮತ್ತು ಸಂಗಡಿಗರು 1968ರಲ್ಲಿ ವಿವರಿಸಿದರು. ದಾರಿ ಸಿಕ್ಕಿತ್ತು, ಅದರಲ್ಲಿ ಹೋಗಲು ತಕ್ಕ ಉಪಕರಣ ಬರಲು ಇನ್ನೂ ಮೂರು ದಶಕ ಹಿಡಿಯಿತು. 1997ರಲ್ಲಿ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಲೋಹದ ನಳಿಗೆಯ ಮೂಲಕ ಡಿಸ್ಕ್ ಶಸ್ತ್ರಚಿಕಿತ್ಸೆ ಮಾಡುವ ವಿಧಾನವನ್ನು ಪ್ರಕಟಿಸಿದರು. 2001ರಲ್ಲಿ ಫೋಲಿ ಮತ್ತು ಜೊತೆಗಾರರು ಚರ್ಮದ ಚಿಕ್ಕ ತೂತುಗಳಿಂದಲೇ ಪೆಡಿಕಲ್ ಸ್ಕ್ರೂ ಮತ್ತು ರಾಡ್ ಹಾಕುವ ಸಾಧನವನ್ನು ಮುಂದಿಟ್ಟರು. ಇವೆರಡೂ ಸೇರಿದ್ದೇ ಇಂದಿನ ವ್ಯವಸ್ಥೆಯ ಅಡಿಪಾಯ.

ಅದು ಹೇಗೆ ನಡೆಯುತ್ತದೆ ಎಂಬುದನ್ನು ಈಗ ಹಂತಹಂತವಾಗಿ ನೋಡೋಣ. ಅರಿವಳಿಕೆ ಕೊಟ್ಟು ರೋಗಿಯನ್ನು ಬೋರಲು ಮಲಗಿಸಿರುತ್ತಾರೆ. ಪಕ್ಕದಲ್ಲಿ ಅರ್ಧಚಂದ್ರಾಕಾರದ ಎಕ್ಸ್-ರೇ ಯಂತ್ರ ಇರುತ್ತದೆ; ಅದಕ್ಕೆ ಸಿ-ಆರ್ಮ್ ಎನ್ನುತ್ತಾರೆ. ಮೂಳೆ ಕಣ್ಣಿಗೆ ನೇರವಾಗಿ ಕಾಣದ ಕಡೆ ಕೈಗೆ ದಾರಿ ತೋರಿಸುವುದು ಅದೇ.

ನಡುಗೆರೆಯಿಂದ ಮೂರು ನಾಲ್ಕು ಸೆಂಟಿಮೀಟರ್ ಪಕ್ಕಕ್ಕೆ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಸೀಳು ಮಾಡುತ್ತಾರೆ. ಮೊದಲು ಒಂದು ತೆಳುವಾದ ಕೊಳವೆಯನ್ನು ಸ್ನಾಯುವಿನ ಎಳೆಗಳ ನಡುವೆ ಮೂಳೆಯವರೆಗೆ ಇಳಿಸುತ್ತಾರೆ. ಅದರ ಮೇಲೆ ಅದಕ್ಕಿಂತ ತುಸು ದಪ್ಪನೆಯದು, ಅದರ ಮೇಲೆ ಇನ್ನೂ ದಪ್ಪನೆಯದು, ಹೀಗೆ ಒಂದರ ಮೇಲೊಂದು. ಪ್ರತಿಯೊಂದೂ ಎಳೆಗಳನ್ನು ಸ್ವಲ್ಪ ಸ್ವಲ್ಪವೇ ಅಗಲಿಸುತ್ತದೆ. ಕೊನೆಗೆ ಸುಮಾರು ಎರಡು ಸೆಂಟಿಮೀಟರ್ ಅಗಲದ ನಳಿಗೆಯನ್ನು ಇಳಿಸಿ, ಮೇಜಿಗೆ ಬಿಗಿದು, ಒಳಗಿನ ಕೊಳವೆಗಳನ್ನೆಲ್ಲ ಹೊರತೆಗೆಯುತ್ತಾರೆ. ನರ ಮತ್ತು ಡಿಸ್ಕಿನ ಕೆಲಸವೆಲ್ಲ ಈ ನಳಿಗೆಯೊಳಗೇ ನಡೆಯಬೇಕು. ಆದ್ದರಿಂದ ಮೇಲೆ ಸೂಕ್ಷ್ಮದರ್ಶಕವಿರುತ್ತದೆ, ಉಪಕರಣಗಳ ಹಿಡಿಗಳು ಕೈ ಅಡ್ಡ ಬರದಂತೆ ಬಾಗಿರುತ್ತವೆ.

ನಳಿಗೆಯ ತಳದಲ್ಲಿ ಕಾಣುವುದು ಹಿಂದೆ ಹೇಳಿದ ಚಿಕ್ಕ ಕೀಲು. ಅದನ್ನು ತೆಗೆದರೆ ನರಕ್ಕೆ ಜಾಗ ಸಿಗುತ್ತದೆ, ಡಿಸ್ಕಿಗೂ ಪಕ್ಕದಿಂದ ದಾರಿಯಾಗುತ್ತದೆ. ತೆಗೆದ ಮೂಳೆಯನ್ನು ಎಸೆಯುವುದಿಲ್ಲ. ಚೂರು ಮಾಡಿ ತೆಗೆದಿಡುತ್ತಾರೆ. ಡಿಸ್ಕಿನ ತಿರುಳನ್ನು ಹೊರತೆಗೆದು, ಮೇಲಿನ ಮತ್ತು ಕೆಳಗಿನ ಕಶೇರುಗಳ ಮುಖಕ್ಕೆ ಅಂಟಿರುವ ಮೃದ್ವಸ್ಥಿಯನ್ನು, ಅಂದರೆ ಮೆದುಮೂಳೆಯ ಪದರವನ್ನು, ಕೆರೆಯುತ್ತಾರೆ. ಇಲ್ಲಿ ಅವಸರ ಕೂಡದು. ಮೆದುಮೂಳೆ ಉಳಿದರೆ ಮೂಳೆ ಕೂಡುವುದಿಲ್ಲ. ಕೆರೆತ ಹೆಚ್ಚಾಗಿ ಗಟ್ಟಿ ಮೂಳೆಗೇ ಪೆಟ್ಟು ಬಿದ್ದರೆ ಆಮೇಲೆ ಅಲ್ಲಿಡುವ ಆಧಾರ ಮೂಳೆಯೊಳಗೆ ಹೂತುಹೋಗುತ್ತದೆ. ನೋಡುಗರ ಕಣ್ಣೆಲ್ಲ ಸ್ಕ್ರೂಗಳ ಮೇಲಿರುತ್ತದೆ. ಆದರೆ ಶಸ್ತ್ರಚಿಕಿತ್ಸೆ ಗೆಲ್ಲುವುದೋ ಸೋಲುವುದೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಈ ಕೆರೆಯುವ ಕೆಲಸದಲ್ಲಿ ಎಂದು ನನ್ನ ನಂಬಿಕೆ. ಆಮೇಲೆ ಆ ಮೂಳೆಚೂರುಗಳನ್ನು ಅಲ್ಲಿ ತುಂಬಿ, ಕೇಜ್ ಎಂಬ ಟೊಳ್ಳಾದ ಆಧಾರವನ್ನು ನಡುವೆ ಇಡುತ್ತಾರೆ. ಇದು ಟೈಟೇನಿಯಂ ಲೋಹದ್ದು ಅಥವಾ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು. ಎತ್ತರ ಹೆಚ್ಚಾಗಿ ಎಂಟರಿಂದ ಹದಿನಾಲ್ಕು ಮಿಲಿಮೀಟರ್. ಕುಗ್ಗಿದ್ದ ಜಾಗ ಮೇಲೇಳುತ್ತದೆ, ನರದ ದಾರಿ ಬಿಚ್ಚಿಕೊಳ್ಳುತ್ತದೆ.

ಇನ್ನು ಸ್ಕ್ರೂಗಳು. ಒಂದು ಜೋಡಿ ಕಶೇರುಗಳಿಗೆ ಸಾಮಾನ್ಯವಾಗಿ ನಾಲ್ಕು. ಎಕ್ಸ್-ರೇಯಲ್ಲಿ ಪೆಡಿಕಲ್ ಒಂದು ಪುಟ್ಟ ವೃತ್ತವಾಗಿ ಕಾಣುತ್ತದೆ. ಟೊಳ್ಳು ಸೂಜಿಯ ತುದಿಯನ್ನು ಆ ವೃತ್ತದ ಹೊರಅಂಚಿನಲ್ಲಿಟ್ಟು ಮೆಲ್ಲಗೆ ಒಳಗೆ ಇಳಿಸುತ್ತಾರೆ. ಸೂಜಿ ಪೆಡಿಕಲ್ ದಾಟಿ ಮುಂದಿನ ಗುಂಡು ಮೂಳೆ ತಲುಪುವವರೆಗೂ ಅದರ ತುದಿ ವೃತ್ತದ ಒಳಅಂಚನ್ನು ದಾಟಬಾರದು. ದಾಟಿತೆಂದರೆ ಅಲ್ಲಿ ನರವಿದೆ. ಸೂಜಿಯ ಒಳಗಿಂದ ತೆಳು ತಂತಿಯೊಂದನ್ನು ಇಳಿಸಿ, ಸೂಜಿಯನ್ನು ಹೊರತೆಗೆದು, ನಡುವೆ ತೂತಿರುವ ಸ್ಕ್ರೂವನ್ನು ತಂತಿಯ ಮೇಲೆ ಜಾರಿಸಿ ತಿರುಗಿಸುತ್ತಾರೆ. ತಂತಿ ತಾನೂ ಮುಂದಕ್ಕೆ ಸರಿದು ಹೊಟ್ಟೆಯ ಕಡೆ ಹೋಗದಂತೆ ಒಬ್ಬರು ಅದನ್ನು ಗಮನಿಸುತ್ತಲೇ ಇರಬೇಕು. ಪ್ರತಿ ಸ್ಕ್ರೂವಿನ ತಲೆಗೂ ಚರ್ಮದ ಹೊರಗೆ ಬರುವ ಉದ್ದನೆಯ ಕೊಳವೆ ಜೋಡಿಸಿರುತ್ತದೆ. ಆ ಕೊಳವೆಗಳ ಮೂಲಕವೇ ರಾಡನ್ನು ಸ್ನಾಯುವಿನ ಅಡಿಯಲ್ಲಿ ಒಂದು ಸ್ಕ್ರೂವಿನಿಂದ ಇನ್ನೊಂದಕ್ಕೆ ದಾಟಿಸಿ ಬಿಗಿಯುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಸಿ-ಆರ್ಮ್ ಬದಲು ಗಣಕದ ನಕ್ಷೆಯೋ ರೋಬೋಟ್ ತೋಳೋ ದಿಕ್ಕು ತೋರಿಸುತ್ತದೆ. ಅದು ಕೈಗೆ ನೆರವು, ನಿರ್ಧಾರ ವೈದ್ಯರದೇ.

ಪಕ್ಕೆಯಿಂದ ಅಥವಾ ಹೊಟ್ಟೆಯ ಕಡೆಯಿಂದ ಡಿಸ್ಕ್ ತಲುಪುವ ದಾರಿಗಳೂ ಇವೆ. ತತ್ತ್ವ ಒಂದೇ ಆದ್ದರಿಂದ ಇಲ್ಲಿ ಅವನ್ನು ವಿವರಿಸುವುದಿಲ್ಲ.

ಇಷ್ಟು ತಿಳಿದ ಮೇಲೆ ನಿಮಗೆ ಒಂದು ಭೇದ ಕಾಣುತ್ತಿರಬೇಕು. ಕಿರುದಾರಿ ಎಂಬುದು ತಲುಪುವ ಬಗೆ. ತಲುಪಿದ ಮೇಲೆ ಮಾಡುವುದು ಹಳೆಯ ಕೆಲಸವನ್ನೇ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡು, ಅವುಗಳಿಗೆ ಒಂದು ಕ್ರಮವೂ ಇದೆ. 'ನನಗೆ ಮೂಳೆ ಕೂಡಿಸಲೇಬೇಕೇ?' ಎಂಬುದು ಮೊದಲನೆಯದು. 'ಯಾವ ದಾರಿಯಲ್ಲಿ?' ಎಂಬುದು ಆಮೇಲಿನದು. ಎರಡನೆಯದಕ್ಕೆ ಸಿಕ್ಕ ಆಕರ್ಷಕ ಉತ್ತರದಲ್ಲಿ ಮೊದಲನೆಯದು ಮುಚ್ಚಿಹೋಗುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಮೊದಲ ಪ್ರಶ್ನೆಯ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. ನರದ ದಾರಿ ಇಕ್ಕಟ್ಟಾಗಿದ್ದ 247 ರೋಗಿಗಳ ಮೇಲೆ ಸ್ವೀಡನ್‌ನಲ್ಲಿ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಕಶೇರು ಜರುಗಿದವರೂ ಇದ್ದರು, ಜರುಗದವರೂ ಇದ್ದರು. ನರಕ್ಕೆ ಜಾಗ ಮಾತ್ರ ಮಾಡಿಸಿಕೊಂಡವರಿಗೂ ಅದರ ಜೊತೆಗೆ ಫ್ಯೂಷನ್ ಮಾಡಿಸಿಕೊಂಡವರಿಗೂ ಎರಡು ವರ್ಷದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2021ರ ನಾರ್ವೆಯ ಅಧ್ಯಯನ, ಸವೆತದಿಂದ ಕಶೇರು ಜರುಗಿದವರನ್ನೇ ತೆಗೆದುಕೊಂಡು, ಇದೇ ದಿಕ್ಕಿನ ಉತ್ತರ ಕೊಟ್ಟಿತು. ಅಮೆರಿಕದ ಚಿಕ್ಕದೊಂದು ಅಧ್ಯಯನ ಫ್ಯೂಷನ್‌ಗೆ ಸ್ವಲ್ಪ ಹೆಚ್ಚಿನ ಅಂಕ ಕೊಟ್ಟಿದೆ. ಇದರಿಂದ ಫ್ಯೂಷನ್ ಬೇಡವೇ ಬೇಡ ಎಂದು ತಿಳಿಯಬೇಡಿ. ಬಗ್ಗಿದಾಗಲೆಲ್ಲ ಮೂಳೆ ಅಲುಗಾಡುತ್ತಿದ್ದರೆ, ಕಮಾನಿನಲ್ಲೇ ಬಿರುಕಿದ್ದು ಕಾಲಿನ ನರ ಒತ್ತಿದ್ದರೆ, ಕ್ಷಯವೋ ಗಡ್ಡೆಯೋ ಮೂಳೆಯನ್ನು ತಿಂದಿದ್ದರೆ ಅದು ಬೇಕಾಗುತ್ತದೆ. ಬರೀ ಸೊಂಟನೋವಿದ್ದು, ಕಾಲಿಗೆ ಸೆಳೆತವಿಲ್ಲದೆ, ಚಿತ್ರದಲ್ಲಿ ಸವೆತ ಮಾತ್ರ ಕಂಡಿದ್ದರೆ ಅವಸರ ಬೇಡ. ವ್ಯಾಯಾಮ, ಔಷಧಿ, ಕೆಲಸದ ಭಂಗಿಯ ಬದಲಾವಣೆ, ಇವಕ್ಕೆ ತಿಂಗಳುಗಳ ಅವಕಾಶ ಕೊಡಿ.

ಕಾಯಬಾರದ ಸಂದರ್ಭವನ್ನೂ ಹೇಳಿಬಿಡುತ್ತೇನೆ. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ, ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ಮಲಗಿದಾಗಲೂ ಬಿಡದ ರಾತ್ರಿನೋವು ಇದ್ದರೆ ಕ್ಷಯದ ಪರೀಕ್ಷೆ ತಪ್ಪಿಸಬಾರದು.

ಎರಡನೇ ಪ್ರಶ್ನೆಗೆ ಬಂದರೆ, ತೆರೆದ ವಿಧಾನಕ್ಕೆ ಹೋಲಿಸಿದಾಗ ಕಿರುದಾರಿಯಲ್ಲಿ ರಕ್ತ ಕಡಿಮೆ ಹೋಗುತ್ತದೆ, ಗಾಯದ ಸೋಂಕು ಕಡಿಮೆ, ಮೊದಲ ವಾರಗಳ ನೋವು ಕಡಿಮೆ, ಮನೆಗೆ ಬೇಗ ಹೋಗಬಹುದು. ಒಂದೆರಡು ವರ್ಷ ಕಳೆದ ಮೇಲೆ ಎರಡೂ ಗುಂಪಿನವರ ಸ್ಥಿತಿ ಬಹುತೇಕ ಒಂದೇ. ಆದರೆ ಕಿರುದಾರಿಗೆ ಎಕ್ಸ್-ರೇ ಕಿರಣ ಹೆಚ್ಚು ಬೇಕಾಗುತ್ತದೆ, ಕಲಿಯಲು ವರ್ಷಗಳು ಹಿಡಿಯುತ್ತವೆ. ನಳಿಗೆಯಲ್ಲಿ ಹತ್ತಾರು ಮಾಡಿದ ಕೈಗೂ ನೂರಾರು ಮಾಡಿದ ಕೈಗೂ ಅಂತರವಿದೆ. 'ಈ ವಿಧಾನದಲ್ಲಿ ನೀವು ಎಷ್ಟು ಮಾಡಿದ್ದೀರಿ?' ಎಂದು ವೈದ್ಯರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹೆಚ್ಚು ಜರುಗಿದ, ಬಹಳ ಡೊಂಕಾದ ಅಥವಾ ಹಲವು ಮಟ್ಟಗಳಲ್ಲಿ ಕೆಟ್ಟ ಬೆನ್ನಿಗೆ ತೆರೆದ ದಾರಿಯೇ ಸುರಕ್ಷಿತ ಎಂದು ಅನುಭವಿ ವೈದ್ಯರು ಹೇಳಿದರೆ ಅದನ್ನು ಹಿಂದುಳಿದ ಚಿಕಿತ್ಸೆ ಎಂದುಕೊಳ್ಳಬೇಡಿ.

ಸಾತನೂರಿನಿಂದ ಹೊರಟವರು ಮೊದಲು ಕನಕಪುರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುವುದು ಒಳ್ಳೆಯದು. ಅದೇ ರಸ್ತೆಯಲ್ಲಿ ಮುಂದೆ ಹಾರೋಹಳ್ಳಿಯ ಬಳಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಮೂಳೆ ಚಿಕಿತ್ಸೆಗೆಂದೇ ಇರುವ ಸಂಜಯ ಗಾಂಧಿ ಸಂಸ್ಥೆ ಜಯನಗರದಲ್ಲಿದೆ, ನರಶಸ್ತ್ರಚಿಕಿತ್ಸೆಗೆ ನಿಮ್ಹಾನ್ಸ್ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಕನಕಪುರದಲ್ಲಿ ಮೊದಲು ತೋರಿಸಿ ಎಂದದ್ದು ಇದಕ್ಕಾಗಿಯೂ ಹೌದು. ತೂತಿರುವ ಸ್ಕ್ರೂಗಳು ಸಾಮಾನ್ಯ ಸ್ಕ್ರೂಗಳಿಗಿಂತ ದುಬಾರಿ. ಯೋಜನೆಯ ಪ್ಯಾಕೇಜಿನಲ್ಲಿ ಯಾವುದು ಸೇರಿದೆ, ಯಾವುದಕ್ಕೆ ಕೈಯಿಂದ ಕೊಡಬೇಕು ಎಂಬುದನ್ನು ದಾಖಲಾಗುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಶಸ್ತ್ರಚಿಕಿತ್ಸೆಯ ಮರುದಿನವೇ ಹೆಚ್ಚಿನವರನ್ನು ನಡೆಸುತ್ತಾರೆ. ಚರ್ಮದ ಗಾಯ ಎರಡು ವಾರದಲ್ಲಿ ಒಣಗುತ್ತದೆ. ಅದನ್ನು ನೋಡಿ ಎಲ್ಲವೂ ಮುಗಿಯಿತು ಎಂದುಕೊಳ್ಳುವುದೇ ಅಪಾಯ, ಏಕೆಂದರೆ ಒಳಗೆ ಮೂಳೆ ಕೂಡಲು ಆರು ತಿಂಗಳಿಂದ ಒಂದು ವರ್ಷ ಬೇಕು. ಮೊದಲ ಮೂರು ತಿಂಗಳು ಸೊಪ್ಪಿನ ಹೊರೆ, ನೀರಿನ ಬಿಂದಿಗೆ, ಗೊಬ್ಬರದ ಮಂಕರಿ ಯಾವುದನ್ನೂ ಎತ್ತಬೇಡಿ. ನಡೆಯಿರಿ, ದಿನದಿನಕ್ಕೆ ದೂರ ಹೆಚ್ಚಿಸಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಇವುಗಳಲ್ಲಿರುವ ನಿಕೋಟಿನ್ ಹೊಸ ಮೂಳೆಗೆ ರಕ್ತ ಸಿಗದಂತೆ ಮಾಡುತ್ತದೆ. ಶಸ್ತ್ರಚಿಕಿತ್ಸೆಗೆ ವಾರಗಳ ಮೊದಲೇ ಬಿಟ್ಟು, ಮೂಳೆ ಕೂಡುವವರೆಗೂ ಮುಟ್ಟದಿರುವುದು ಸ್ಕ್ರೂವಿನ ಗುಣಮಟ್ಟದಷ್ಟೇ ಮುಖ್ಯ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿರಬೇಕು. ಮುಟ್ಟು ನಿಂತ ಹೆಂಗಸರು ಮೂಳೆಯ ಸಾಂದ್ರತೆ, ಅಂದರೆ ಅದು ಎಷ್ಟು ಗಟ್ಟಿಯಾಗಿದೆ ಎಂಬುದನ್ನು, ಮೊದಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ ಕೇಳಿ ಪಡೆಯಬೇಕಾದ ಒಂದು ಕಾಗದವಿದೆ. ಪ್ರತಿ ಸ್ಕ್ರೂ, ಕೇಜ್‌ನ ಪೊಟ್ಟಣದ ಮೇಲೂ ತಯಾರಕರ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಇರುವ ಚೀಟಿ ಅಂಟಿಸಿರುತ್ತದೆ. ಅದರ ಪ್ರತಿಯನ್ನು ನಿಮ್ಮ ಬಿಡುಗಡೆ ಪತ್ರದ ಜೊತೆ ಅಂಟಿಸಿಕೊಳ್ಳಿ. ಮುಂದೆಂದಾದರೂ ಸ್ಕ್ರೂ ಬಿಗಿ ಮಾಡಬೇಕಾದರೆ ಅಥವಾ ತೆಗೆಯಬೇಕಾದರೆ ಯಾವ ತಯಾರಕರ ತಿರುಪು ಉಪಕರಣ ಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ಟೈಟೇನಿಯಂ ಒಳಗಿದ್ದರೂ ಎಂ.ಆರ್.ಐ. ಮಾಡಿಸಬಹುದು, ಲೋಹದ ಸುತ್ತ ಚಿತ್ರ ಸ್ವಲ್ಪ ಕಲಕಿದಂತೆ ಬರುತ್ತದೆ, ಅಷ್ಟೇ. ಆದರೂ ಪ್ರತಿ ಬಾರಿ ಯಂತ್ರದ ಕೋಣೆಗೆ ಹೋಗುವ ಮೊದಲು ಆ ಚೀಟಿಯನ್ನು ಅಲ್ಲಿಯವರಿಗೆ ತೋರಿಸಿ.